ಮಗಳ ಕೌದಿ ಮುದ್ದೆಯಾಗಿದ್ದು ಯಾಕೆ?

ಚಿಕ್ಕಮಗಳೂರಿನ ಮಳೆಗಾಲದ ಥಂಡಿ ಗೊತ್ತಲ್ಲ, ಅದಕ್ಕೇ ಮಗಳಿಗೊಂದು ಕೌದಿ ಹೊಲಿದೆ. ಒಳಗೆ ಹಳೆ ಕಾಟನ್ ಸೀರೆ ನಾಲ್ಕು ಮಡಿಕೆ, ಮೇಲೆ ಟೈಲರ್ ಅಂಗಡಿಯಲ್ಲಿ ಉಳಿದ ಹೊಸ ಬಟ್ಟೆಯ ಚೂರುಗಳು. ದುಡ್ಡು ಹೋಗಿದ್ದು ಸೂಜಿ, ದಾರಕ್ಕೆ ಮಾತ್ರ. ಆದರೆ ಒಂದೇ ಒಗೆತಕ್ಕೆ ನಡುವೆ ಉಬ್ಬು, ಅಂಚಲ್ಲಿ ಸುಕ್ಕು! ಕೆಂಪು ಚೂರಿನ ಬಣ್ಣ ಪಕ್ಕದ ಬಿಳಿಗೂ ಹತ್ತಿತ್ತು.

ಅತ್ತೆ ಕೈಯಲ್ಲಿ ಸವರಿ ನೋಡಿ, "ಅಂಚಿಂದ ಶುರು ಮಾಡಿದ್ಯೇನೇ?" ಅಂದರು. ಹೌದು. ಸಡಿಲ ಬಟ್ಟೆಯೆಲ್ಲ ನಡುವಿಗೆ ಬಂದು ಕೂತಿತ್ತು. ಜೊತೆಗೆ ಹಳೆ ಸೀರೆ ಎಂದೋ ಕುಗ್ಗಿ ಮುಗಿದಿತ್ತು, ಹೊಸ ಚೂರು ಈಗ ಕುಗ್ಗಿತು.

ಬಿಚ್ಚೋದಕ್ಕೇ ಎರಡು ಸಂಜೆ ಹಿಡಿಯಿತು. ಚೂರುಗಳನ್ನು ಬಿಸಿನೀರಲ್ಲಿ ನೆನೆಸಿ, ಬಣ್ಣ ಬಿಡೋದು ನಿಲ್ಲುವ ತನಕ ಒಗೆದು, ಇಸ್ತ್ರಿ ಹಾಕಿದೆ. ಪದರಗಳನ್ನು ನೆಲದ ಮೇಲೆ ಎಳೆದು ಹಾಸಿ, ನಾಲ್ಕು ಮೂಲೆಗೂ ಭಾರ ಇಟ್ಟೆ. ನಡುವಿಂದ ಅಂಚಿನ ಕಡೆಗೆ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ. ಆಮೇಲೆ ಎರಡು ಬೆರಳು ಅಂತರದಲ್ಲಿ ಸಣ್ಣ ಹೊಲಿಗೆ, ಅದೂ ನಡುವಿಂದಲೇ. ಕೊನೆಗೆ ಕಚ್ಚಾ ದಾರ ಎಳೆದುಬಿಟ್ಟೆ.

ಇಲ್ಲಿವರೆಗೆ ಮೂರು ಸಲ ಒಗೆದಿದ್ದೇನೆ, ಉಬ್ಬಿಲ್ಲ. ಆ ಬಿಳಿ ಚೂರು ಮಾತ್ರ ಇನ್ನೂ ತಿಳಿಗುಲಾಬಿ.