ಅಗಿಗೆ ಗಾಳಿ, ಬಿಸಿಲು ರೂಢಿ ಮಾಡಿಸುವುದು ಹೇಗೆ?

ವಿಜಯಪುರದ ಬಿಸಿಲು ಗೊತ್ತಲ್ವಾ? ಶೇಡ್‌ನೆಟ್ ಕೆಳಗೆ ಹಸಿರಾಗಿ ನಿಂತಿದ್ದ ಟೊಮೆಟೊ ಅಗಿಯನ್ನು (ನಾಟಿಗೆ ಬೆಳೆಸಿದ ಎಳೆ ಸಸಿಯನ್ನು) ನೇರ ಹೊಲಕ್ಕೆ ಒಯ್ದು ಹಚ್ಚಿದರೆ ಎಲೆ ಬೆಳ್ಳಗೆ ಸುಡುತ್ತದೆ, ಕಾಂಡ ಗಾಳಿಗೆ ಮಲಗಿಬಿಡುತ್ತದೆ. ಬೀಜವನ್ನು ಬೈಯಬೇಡಿ. ಆ ಅಗಿಗೆ ಗಾಳಿ ಅಂದರೇನು ಅಂತಲೇ ಗೊತ್ತಿಲ್ಲ.

ಮೊದಲು ಅಲುಗಾಡಿಸಿ. ಕಾಂಡ ಪದೇ ಪದೇ ಬಾಗಿದರೆ ಗಿಡ ಎತ್ತರಕ್ಕೆ ಹೋಗುವುದನ್ನು ತಗ್ಗಿಸಿ ಗಟ್ಟಿಯಾಗುವ ಕಡೆ ಗಮನ ಕೊಡುತ್ತದೆ. ಮೊರ್ಡೆಕೈ ಜಾಫೆ ಎಂಬ ವಿಜ್ಞಾನಿ ಎಳೆ ಕಾಂಡಗಳನ್ನು ದಿನಕ್ಕೆ ಒಂದೆರಡು ಸಲ, ಸುಮಾರು 10 ಸೆಕೆಂಡ್ ಉಜ್ಜಿ ನೋಡಿ 1973ರಲ್ಲಿ ಬರೆದರು: ಸೌತೆ, ಔಡಲ ಗಿಡ್ಡವಾದವು, ಗೋದಿ, ಬಟಾಣಿ ಕ್ಯಾರೇ ಅನ್ನಲಿಲ್ಲ. ಹಾಗಾಗಿ ಎಲ್ಲ ಬೆಳೆಗೂ ಇದು ನಡೆಯುವುದಿಲ್ಲ. ಟೊಮೆಟೊ, ಬದನೆ, ಸೌತೆ ಅಗಿ ಇದ್ದರೆ ಬೆಳಗ್ಗೆ, ಸಂಜೆ ನಯವಾದ ಪೈಪ್ ತುಂಡಿನಿಂದ ತುದಿಗಳ ಮೇಲೆ ಹತ್ತು ಸಲ ಮೆಲ್ಲಗೆ ಸವರಿ, ಬಾಗಬೇಕು ಅಷ್ಟೇ, ಮುರಿಯಬಾರದು. ಎಲೆ ಒದ್ದೆ ಇದ್ದಾಗ ಬೇಡವೇ ಬೇಡ, ರೋಗ ಹರಡುತ್ತದೆ. ಮೆಣಸಿನಕಾಯಿ ಎಲೆಗೆ ಬೇಗ ಗಾಯವಾಗುತ್ತದೆ, ಅದಕ್ಕೆ ಗಾಳಿಯೇ ಸಾಕು.

ಇನ್ನು ಬಿಸಿಲು. ನೆರಳಲ್ಲಿ ಬಂದ ಎಲೆ ತೆಳು. ಅದು ಬಳಸಲಾರದಷ್ಟು ಬೆಳಕು ಒಮ್ಮೆಗೇ ಬಿದ್ದರೆ ದ್ಯುತಿಸಂಶ್ಲೇಷಣೆಯ ವ್ಯವಸ್ಥೆಯೇ ಕೆಡುತ್ತದೆ. ಮೊದಲೆರಡು ದಿನ ಬೆಳಗಿನ ಎಳೆ ಬಿಸಿಲು ಮಾತ್ರ, ಆಮೇಲೆ ದಿನಾ ಸ್ವಲ್ಪ ಜಾಸ್ತಿ ಮಾಡುತ್ತಾ 7ರಿಂದ 10 ದಿನಕ್ಕೆ ಪೂರ್ತಿ ಬಯಲಿಗೆ ತನ್ನಿ. ಹೊಸ ಎಲೆ ಚಿಕ್ಕದಾಗಿ, ದಪ್ಪಗೆ ಬರತೊಡಗಿದರೆ ಹಚ್ಚಲು ತಯಾರು ಅಂತ ತಿಳಿಯಿರಿ.

ನೀರು ತುಸು ಕಡಿಮೆ ಮಾಡಿ, ನಿಲ್ಲಿಸಬೇಡಿ. ಬಾಯಾರಿದ ಗಿಡ ಎಲೆಯ ರಂಧ್ರ ಮುಚ್ಚಿ ನೀರು ಉಳಿಸುತ್ತದೆ, ಆದರೆ ಅದೇ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಲ್ಲ, ಅದೂ ನಿಂತು ಬೆಳವಣಿಗೆ ಕುಂಟುತ್ತದೆ. ಅತಿಯಾಗಿ ಒಣಗಿಸಿದ ಅಗಿ ಆಮೇಲೂ ಬೇಗ ಚೇತರಿಸಿಕೊಳ್ಳುವುದಿಲ್ಲ. ಮಧ್ಯಾಹ್ನ ಎಲೆ ಜೋತು ಸಂಜೆಗೆ ಎದ್ದರೆ ಚಿಂತೆ ಬೇಡ. ಬೆಳಗ್ಗೆಯೂ ಜೋತೇ ಇದ್ದರೆ ಕೂಡಲೇ ನೀರು ಕೊಡಿ.

ವಿಜಯಪುರ ಜಿಲ್ಲೆಯ ಇಂಡಿ ಕಡೆ ನಿಂಬೆ ಹಚ್ಚುವವರಿಗೂ ಒಂದು ಮಾತು: ಸಸಿಯನ್ನು ಕೋಲಿಗೆ ಬಿಗಿದು ಕಟ್ಟಬೇಡಿ, ಅಲ್ಲಾಡದ ಕಾಂಡ ಸಣಕಲಾಗೇ ಉಳಿಯುತ್ತದೆ. ಹಳೇ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಬೇರು ಹಿಡಿದ ಮೇಲೆ ಕೋಲು ಕಿತ್ತುಬಿಡಿ.