ಬಾಡಿದ ಗುಲಾಬಿಗೆ ಕತ್ತರಿ ಎಲ್ಲಿ ಹಾಕಬೇಕು?

ನರ್ಸರಿಯಿಂದ ತಂದಾಗ ಗಿಡದ ತುಂಬಾ ಹೂವು. ತಿಂಗಳು ಕಳೆದರೆ ಬರೀ ಎಲೆ. ರಾಯಚೂರಿನ ಬಿಸಿಲಿಗೆ ಗುಲಾಬಿ ಆಗಿಬರೋದಿಲ್ಲ ಅಂತ ಸುಮ್ನೆ ಬಿಸಿಲನ್ನು ಬೈಯುತ್ತೇವೆ, ಅಲ್ವಾ? ಕೊಂಬೆಯ ತುದಿ ನೋಡಿ. ಎಸಳು ಉದುರಿದ ಜಾಗದಲ್ಲಿ ಎಳೆ ಬಾರೆಕಾಯಿಯಂಥ ಹಸಿರು ಕಾಯಿ ಉಬ್ಬಿರುತ್ತದೆ. ಗಿಡ ತಿಂದದ್ದೆಲ್ಲ ಈಗ ಅದರೊಳಗಿನ ಬೀಜಕ್ಕೆ ಹೋಗುತ್ತಿದೆ. ಕಾಯಿ ಕಟ್ಟುವ ಮೊದಲೇ ಬಾಡಿದ ಹೂವು ತೆಗೆಯಬೇಕು.

ಕತ್ತರಿ ಹರಿತವಾಗಿರಲಿ. ಮೊಂಡಾದರೆ ಕಡ್ಡಿ ಜಜ್ಜಿಹೋಗುತ್ತದೆ. ಸ್ಪಿರಿಟ್‌ನಲ್ಲಿ ಒಮ್ಮೆ ಒರೆಸಿಕೊಳ್ಳಿ.

ಹೂವಿನಿಂದ ಕೆಳಕ್ಕೆ ಬೆರಳಾಡಿಸುತ್ತಾ ಬನ್ನಿ. ಮೊದಲು 3 ಎಲೆಗಳ ಗರಿ ಸಿಗುತ್ತದೆ, ಅದನ್ನು ದಾಟಿ. ಅದರ ಕೆಳಗೆ 5 ಎಲೆಗಳ ಗರಿ. ಅದು ಕಡ್ಡಿಗೆ ಸೇರುವ ಸಂದಿಯಲ್ಲಿ ಸಾಸಿವೆಯಷ್ಟು ಕಣ್ಣು, ಅಂದರೆ ಹೊಸ ಚಿಗುರು ಒಡೆಯುವ ಜಾಗ, ಕಾಣುತ್ತದೆ. ಕಣ್ಣು ಗಿಡದ ಹೊರಮುಖಕ್ಕಿದ್ದರೆ ಅರ್ಧ ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸಿ. ಒಳಮುಖಕ್ಕಿದ್ದರೆ ಇನ್ನೊಂದು ಗರಿ ಕೆಳಗೆ ಹೋಗಿ. ಇಲ್ಲದಿದ್ದರೆ ಕೊಂಬೆಗಳು ನಡುವೆ ಹೆಣೆದುಕೊಂಡು ಗಾಳಿ ಆಡುವುದಿಲ್ಲ. ಸುಮಾರು ಒಂದೂವರೆ ತಿಂಗಳಿಗೆ ಹೊಸ ಹೂವು. ಗೊಂಚಲು ಹೂವಿನ ಜಾತಿಯಾದರೆ ಬಾಡಿದ್ದನ್ನಷ್ಟೇ ಚಿವುಟುತ್ತಿರಿ, ಎಲ್ಲ ಮುಗಿದ ಮೇಲೆ ಗೊಂಚಲನ್ನೇ ಕತ್ತರಿಸಿ.

ಈ 5 ಎಲೆಯ ಲೆಕ್ಕ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿಗೆ ಬೇಡ. ನಾನು ಮೊದಲ ವರ್ಷ ಯುಗಾದಿ ಮುಗಿದ ಮೇಲೆ ಹುರುಪಿನಿಂದ ಗಿಡವನ್ನು ಬೋಳಿಸಿಬಿಟ್ಟೆ. ವಾರದಲ್ಲಿ ಕಡ್ಡಿಗಳು ತುದಿಯಿಂದ ಕಪ್ಪಾಗುತ್ತಾ ಒಣಗಿದವು. 40 ಡಿಗ್ರಿ ದಾಟಿದಾಗ ಎಲೆಯೇ ಕಡ್ಡಿಗೆ ಕೊಡೆ. ಆಗ ಹೂವಿನ ತಲೆಯನ್ನಷ್ಟೇ ಚಿವುಟಿ, ಎಲೆ ಮುಟ್ಟಬೇಡಿ. ದೊಡ್ಡ ಕತ್ತರಿಕೆ ಮಳೆ ಮುಗಿದು ಅಕ್ಟೋಬರ್ ಬಂದ ಮೇಲೆ. ಕಪ್ಪಾದ ಕಡ್ಡಿಯನ್ನು ಮಾತ್ರ ಹಸಿರು ಸಿಗುವವರೆಗೆ ಯಾವಾಗ ಬೇಕಾದರೂ ತೆಗೆಯಬಹುದು.

ಕುಂಡಕ್ಕೆ ಬರೀ ಎರೆಮಣ್ಣು ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿ (ಕೆಂಪು) ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ. ಮೇಲೆ ಶೇಂಗಾ ಸಿಪ್ಪೆ ಹರಡಿದರೆ ತೇವ ಜಾಸ್ತಿ ಹೊತ್ತು ನಿಲ್ಲುತ್ತದೆ. ನೀರು ಬೆಳಿಗ್ಗೆ, ಬುಡಕ್ಕೆ. ಬೋರ್ ನೀರಿನಿಂದ ಕುಂಡದ ಅಂಚು ಬೆಳ್ಳಗಾಗಿದ್ದರೆ ಅದು ಉಪ್ಪು. ಮಳೆನೀರು ಹಿಡಿದಿಟ್ಟು ಆಗಾಗ ಹಾಕಿ.

ಇನ್ನೊಂದು. ಕಾಡು ಗಿಡದ ಬೇರಿಗೆ ಗುಲಾಬಿಯನ್ನು ಕೂಡಿಸಿದ ಜಾಗವೇ ಕಸಿ ಗಂಟು. ಅದರ ಕೆಳಗಿಂದ ದಪ್ಪನೆಯ ಚಿಗುರು ಸರಸರ ಎದ್ದರೆ ಖುಷಿಪಡಬೇಡಿ. ಅದು ನೀವು ದುಡ್ಡು ಕೊಟ್ಟು ತಂದ ಗುಲಾಬಿಯಲ್ಲ, ಬೇರಿನ ಕಾಡು ಗಿಡ. ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ ಬುಡದಿಂದಲೇ ಕಿತ್ತು ತೆಗೆಯಿರಿ.