ಎರಡು ಗಂಟೆಗೊಮ್ಮೆ 50 ಮಿಲಿ

ವಿಜಯಪುರ ಜಿಲ್ಲೆಯ ಪೌಷ್ಟಿಕ ಪುನಶ್ಚೇತನ ಕೇಂದ್ರವೊಂದರಲ್ಲಿ ನಾನು ಶುಶ್ರೂಷಾಧಿಕಾರಿ. ನಮ್ಮಲ್ಲಿ ಹಸಿದು ಬಂದ ಮಗುವಿಗೆ ಹೊಟ್ಟೆತುಂಬ ಉಣಿಸುವುದಿಲ್ಲ. ಇದನ್ನು ತಾಯಂದಿರಿಗೆ ತಿಳಿಸಿ ಹೇಳುವುದೇ ನನಗೆ ಅತ್ಯಂತ ಕಷ್ಟದ ಕೆಲಸ.

ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿ ಮರಳಿದ ಕುಟುಂಬವೊಂದು ಇಪ್ಪತ್ತು ತಿಂಗಳ ಗಂಡುಮಗುವನ್ನು ಕರೆತಂದಿತ್ತು. ತೂಕ 6.4 ಕಿಲೋ. ಕೆನ್ನೆ ದುಂಡಗಿದ್ದವು. "ಈಗ ಸ್ವಲ್ಪ ಮೈ ತುಂಬಿಕೊಂಡಿದ್ದಾನೆ" ಎಂದಳು ಅಜ್ಜಿ. ಎರಡೂ ಪಾದಗಳ ಮೇಲೆ ಹೆಬ್ಬೆರಳೊತ್ತಿ ಮೂರೆಣಿಸಿ ತೆಗೆದೆ. ಕುಳಿ ಹಾಗೆಯೇ ಉಳಿಯಿತು. ಮುಖ ದುಂಡಗಿದ್ದುದೂ ಬಾವಿನಿಂದಲೇ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎನ್ನುತ್ತೇವೆ. ಈ ಮಗುವಿನ ತೋಳಿನಲ್ಲಿ ಪಟ್ಟಿ ಅದಕ್ಕಿಂತ ಹೆಚ್ಚು ತೋರಿಸಿತು. ಎರಡೂ ಪಾದ ಬಾತಿದ್ದರೆ ಪಟ್ಟಿ ಏನೇ ಹೇಳಲಿ, ಮಗುವನ್ನು ದಾಖಲಿಸಲೇಬೇಕು.

ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ದೇಹ ಹೃದಯ, ಯಕೃತ್ತು, ಮೂತ್ರಪಿಂಡಗಳ ಕೆಲಸವನ್ನೆಲ್ಲ ತಗ್ಗಿಸಿಕೊಂಡಿರುತ್ತದೆ. ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯವೇ ಸೋಲಬಹುದು. ಆದ್ದರಿಂದ ಮೊದಲ ಹಂತಕ್ಕೆ ಎಫ್-75 ಎಂಬ ತೆಳು ಹಾಲು: 100 ಮಿಲಿಗೆ 75 ಕ್ಯಾಲೊರಿ, ಒಂದು ಗ್ರಾಮಿಗೂ ಕಡಿಮೆ ಪ್ರೋಟೀನು. ಸಿದ್ಧಪುಡಿ ಇಲ್ಲದಾಗ ನಾವೇ ತಯಾರಿಸುತ್ತೇವೆ. 300 ಮಿಲಿ ಆಕಳ ಹಾಲು, 70 ಗ್ರಾಂ ಸಕ್ಕರೆ, ನುಣ್ಣಗೆ ಪುಡಿಮಾಡಿದ 35 ಗ್ರಾಂ ಚುರುಮುರಿ, 20 ಗ್ರಾಂ ಎಣ್ಣೆ. ಕುದಿಸಿ ಆರಿಸಿದ ನೀರು ಬೆರೆಸಿ ಒಂದು ಲೀಟರು. ಖನಿಜ, ಜೀವಸತ್ವಗಳನ್ನು ವೈದ್ಯರು ಸೂಚಿಸಿದಂತೆ ಬೇರೆಯಾಗಿ ಕೊಡುತ್ತೇವೆ. ಕಬ್ಬಿಣಾಂಶದ ಟಾನಿಕ್ಕನ್ನು ಮಾತ್ರ ಆರಂಭದಲ್ಲಿ ಕೊಡುವುದಿಲ್ಲ.

ಬಾವು ಮುಖಕ್ಕೇರಿದ ಮಗುವಿಗೆ ದಿನಕ್ಕೆ ಕಿಲೋಗೆ 100 ಮಿಲಿ ಮಾತ್ರ. ಅಂದರೆ ಈ ಮಗುವಿಗೆ ಎರಡು ಗಂಟೆಗೊಮ್ಮೆ ಸುಮಾರು 50 ಮಿಲಿ, ರಾತ್ರಿಯೂ. "ಇದು ಬೆಕ್ಕಿಗೂ ಸಾಲದು, ತಂಗಿ" ಎಂದು ಅಜ್ಜಿ ಕಣ್ಣೀರು ಹಾಕಿದಳು.

ಎರಡನೆಯ ರಾತ್ರಿ ತಪ್ಪಿದ್ದು ನಾನು. ಎರಡು ಗಂಟೆಗೆ ಇನ್ನೊಂದು ಮಗುವಿಗೆ ಭೇದಿ ಹೆಚ್ಚಾಗಿತ್ತು. ಇವನೂ ತಾಯಿಯೂ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನಾಲ್ಕಕ್ಕೆ ಮುಟ್ಟಿ ನೋಡಿದರೆ ಮೈ ತಣ್ಣಗೆ, ಅಳುವೂ ಇಲ್ಲ. ರಕ್ತದ ಸಕ್ಕರೆ 42. 54ಕ್ಕಿಂತ ಕೆಳಗಿಳಿದರೆ ಅಪಾಯ. ನುಂಗುವಷ್ಟು ಎಚ್ಚರವಿತ್ತು, ಅದೇ ಪುಣ್ಯ. ಶೇ. 10ರ ಗ್ಲುಕೋಸ್ ದ್ರಾವಣ 50 ಮಿಲಿ ಕುಡಿಸಿ ವೈದ್ಯರನ್ನು ಕರೆದೆ. ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಒತ್ತಿಸಿ ಕೌದಿ ಹೊದಿಸಿದೆವು. ಬೆಳಗಿನವರೆಗೆ ಅರ್ಧ ಗಂಟೆಗೊಮ್ಮೆ ಚಮಚದಲ್ಲಿ ಹಾಲು ಹಾಕುತ್ತ ಕುಳಿತೆ. ಆ ರಾತ್ರಿಯ ನಂತರ ಯಾವ ತಾಯಿಯ ನಿದ್ದೆಗೂ ನಾನು ಮರುಗಿಲ್ಲ.

ಮೂರನೆಯ ದಿನದಿಂದ ತೂಕ ಇಳಿಯತೊಡಗಿತು. ತಾಯಿ ಬುತ್ತಿಗಂಟು ಕಟ್ಟಿಕೊಂಡು ಹೊರಟು ನಿಂತಳು. ಇಳಿಯುತ್ತಿರುವುದು ನೀರು ಎಂದು ಬಾಯಲ್ಲಿ ಹೇಳಿದರೆ ಸಾಲದೆಂದು ಅವಳ ಹೆಬ್ಬೆರಳನ್ನೇ ಹಿಡಿದು ಮಗುವಿನ ಪಾದಕ್ಕೆ ಒತ್ತಿಸಿದೆ. ಕುಳಿ ಆಳ ಕಡಿಮೆಯಾಗಿದ್ದು ಅವಳಿಗೇ ತಿಳಿಯಿತು. ಗಂಟು ಬಿಚ್ಚಿದಳು.

ಆರನೆಯ ದಿನ 5.6 ಕಿಲೋ, ಬಾವಿಲ್ಲ. ಅಂದೇ ಮಗು ಬಟ್ಟಲನ್ನು ಕಸಿದುಕೊಳ್ಳಲು ಕೈಚಾಚಿತು. ಹಸಿವು ಮರಳಿದ ಮೇಲೆ ಎಫ್-100 ಎಂಬ ಹೆಚ್ಚು ಕ್ಯಾಲೊರಿಯ ಹಾಲು: ಎರಡು ದಿನ ಅದೇ ಅಳತೆ, ಆಮೇಲೆ ಪ್ರತಿ ಸಲ 10 ಮಿಲಿಯಂತೆ ಹೆಚ್ಚಳ. ದಿನಕ್ಕೆ ಕಿಲೋಗೆ 10 ಗ್ರಾಂ ಏರಿದರೆ ಒಳ್ಳೆಯ ಪ್ರಗತಿ. ಜೊತೆಗೆ ಮನೆಯಲ್ಲಿ ಸಿಗುವುದನ್ನೇ ತಾಯಿಯ ಕೈಯಿಂದ ಮಾಡಿಸಿದೆವು: ಎಣ್ಣೆ ಹಾಕಿದ ಹೆಸರುಬೇಳೆ ಕಿಚಡಿ, ಹುರಿದ ಶೇಂಗಾ ಪುಡಿ ಮತ್ತು ಬೆಲ್ಲ ಕಲಸಿದ ಜೋಳದ ಗಂಜಿ, ಮೊಟ್ಟೆ.

ಇಪ್ಪತ್ತೊಂದನೆಯ ದಿನ ಬಿಡುಗಡೆ. ಕರೆದೊಯ್ಯಲು ಬಂದ ತಂದೆ ಕಾರ್ಡು ತಿರುವಿ ನೋಡಿದ. ಬಂದಾಗ 6.4, ಹೊರಡುವಾಗಲೂ 6.4. "ಮೂರು ವಾರದಲ್ಲಿ ಏನೂ ಏರಿಲ್ಲವಲ್ಲ, ಸಿಸ್ಟರ್?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅವನ ಕೈ ಎಳೆದು ಹೆಬ್ಬೆರಳನ್ನು ಮಗುವಿನ ಪಾದದ ಮೇಲಿಟ್ಟಳು. "ಒತ್ತಿ ನೋಡು" ಎಂದಳು.